ಓರೆ ಅಕ್ಷರಕ್ಕೆ ನೆಟ್ಟನೆಯ ಒತ್ತು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಕರಾರಿಗೆ ನಾನು ಎಂದೂ ಸಹಿ ಹಾಕಿಲ್ಲ. ಮಿಸ್ತ್ರಿ ತೀರಿಹೋದ ವಾರದಲ್ಲಿ ಪ್ರೆಸ್ಸಿನ ಅಂಗಳದಲ್ಲಿ ಇಪ್ಪತ್ತು ಜನ ಸೇರಿ ಶೋಕಸಭೆ ಮಾಡಿದರು. ಮಾಲಕರು ಎದ್ದು ನಿಂತು, ‘ನಿಷ್ಠಾವಂತ ಕೆಲಸಗಾರರು, ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಎಂದೂ ಎದುರು ಮಾತಾಡಲಿಲ್ಲ’ ಎಂದರು. ಮೂರೂ ಸುಳ್ಳು. ಹೊತ್ತಿಗೆ ಸರಿಯಾಗಿ ಅವರು ಒಂದು ದಿನವೂ ಬಂದದ್ದನ್ನು ನಾನು ನೋಡಿಲ್ಲ. ಎದುರು ಮಾತಾಡದ ದಿನವನ್ನಂತೂ ನೋಡಿಯೇ ಇಲ್ಲ. ನಿಷ್ಠೆಯೇನೋ ಇತ್ತು, ಆದರೆ ಅದರಲ್ಲಿ ಮಾಲಕರ ಪಾಲು ಬಹಳ ಕಡಿಮೆ. ನನಗೂ ನಾಲ್ಕು ಮಾತು ಆಡಲು ಹೇಳಿದರು. ಕೈಮುಗಿದು ಕುಳಿತುಬಿಟ್ಟೆ. ಬಾಯಿ ತೆಗೆದಿದ್ದರೆ ಮೊದಲು ಮಾಲಕರನ್ನು ಬೈಯಬೇಕಿತ್ತು, ಆಮೇಲೆ ಫೌಂಡ್ರಿಯವರನ್ನು, ಆಮೇಲೆ ಸತ್ತವರನ್ನು. ಶೋಕಸಭೆಗೆ ಅದು ಒಪ್ಪುವುದಿಲ್ಲ. ಕಾಗದದ ಮೇಲಾದರೆ ಅಡ್ಡಿಯಿಲ್ಲ.

ನಾನು ಅಮ್ಮಿನಬಾವಿಯವನು. ಹುಬ್ಬಳ್ಳಿಗೆ ಬಂದಾಗ ತಲೆಯ ಮೇಲೆ ರದ್ದಿಯ ಗಂಟು ಬಿಟ್ಟರೆ ಬೇರೇನೂ ಇರಲಿಲ್ಲ. ರದ್ದಿಯಿಂದ ರೀಮು ಕಾಗದಕ್ಕೆ, ಕಾಗದದಿಂದ ಶಾಯಿಗೆ, ಶಾಯಿಯಿಂದ ಅಚ್ಚಿನ ಮೊಳೆಗಳ ದಲಾಲಿಗೆ ಏರಿದೆ. ಹುಬ್ಬಳ್ಳಿ-ಧಾರವಾಡದ ಎಲ್ಲ ಪ್ರೆಸ್ಸುಗಳ ಹಿಂಬಾಗಿಲೂ ನನಗೆ ಗೊತ್ತು. ಐವತ್ತೆಂಟರ ಸುಮಾರಿಗೆ ದುರ್ಗದ ಬೈಲಿನ ಹತ್ತಿರದ ಒಂದು ಪ್ರೆಸ್ಸಿಗೆ ಕಾಗದ ಇಳಿಸಲು ಹೋದಾಗ ಮಿಸ್ತ್ರಿಯನ್ನು ಮೊದಲು ಕಂಡದ್ದು. ಮೂಲೆಯಲ್ಲಿ ಕುಳಿತು ಕಟ್ಟಿಗೆ ಕೊರೆಯುತ್ತಿದ್ದ ಮನುಷ್ಯ ಎದ್ದು ಬಂದು, ನನ್ನ ರೀಮಿನಿಂದ ಒಂದು ಹಾಳೆ ಎಳೆದು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು.

‘ದಲಾಲ್ರ, ಈ ಕಾಗದ ಅಳಾಕತ್ತೈತಿ ನೋಡ್ರಿ.’

‘ಕಾಗದ ಅಳತೈತೇನ್ರಿ?’

‘ಛಲೋ ಕಾಗದ ಖಡಕ್ ಅಂತೈತಿ. ಇದು ಮೂಗು ಸೊರಗುಟ್ಟತೈತಿ. ಹಸಿ ಗೋದಾಮಿನ್ಯಾಗ ಇಟ್ಟು ನಿಮ್ಮ ಕೊಳ್ಳಿಗೆ ಕಟ್ಯಾರ.’

ಖರೆಯೇ ಇತ್ತು. ಇಡೀ ಲಾಟು ವಾಪಸು ಕಳಿಸಿ, ಗಿರಣಿಯವನ ಜೊತೆ ಜಗಳ ತೆಗೆದು, ಒಣಗಿದ್ದನ್ನು ತರಿಸಿದೆ. ಅವತ್ತಿನಿಂದ ಕಾಗದ ಕೊಳ್ಳುವವರಿಗೆಲ್ಲ ನಾನು ಹೇಳುತ್ತ ಬಂದಿದ್ದೇನೆ: ಕಣ್ಣಿನಿಂದ ನೋಡಬೇಡಿ, ಕಿವಿಯಿಂದ ಕೇಳಿ. ನನ್ನದೇ ವಿದ್ಯೆ ಎಂಬ ಹಾಗೆ ಹೇಳುತ್ತ ಬಂದಿದ್ದೇನೆ. ಅವರದು.

ಅವರ ಕೆಲಸ ಕಟ್ಟಿಗೆಯ ಅಕ್ಷರ ಕೊರೆಯುವುದು. ಸೀಸದ ಮೊಳೆ ಒಂದು ಅಳತೆಯ ತನಕ ಸಿಗುತ್ತದೆ. ನಾಟಕ ಕಂಪನಿಯ ಗೋಡೆ ಜಾಹೀರಾತಿಗೆ, ಅರಿವೆ ಅಂಗಡಿಯ ಹ್ಯಾಂಡ್‌ಬಿಲ್ಲಿನ ತಲೆಸಾಲಿಗೆ ಅದು ಸಾಲದು, ಕಟ್ಟಿಗೆಯೇ ಬೇಕು. ಉಳಿದ ಪ್ರೆಸ್ಸುಗಳ ಕಟ್ಟಿಗೆ ಅಕ್ಷರಗಳು ಉಂಡು ಮಲಗಿದವರ ಹಾಗೆ ದುಂಡಗೆ ಬಿದ್ದುಕೊಂಡಿರುತ್ತಿದ್ದವು. ಮಿಸ್ತ್ರಿಯ ಅಕ್ಷರಗಳೂ ದಪ್ಪವೇ, ಆದರೆ ಎದುರುಗಾಳಿಗೆ ಸೈಕಲ್ ತುಳಿಯುವವನ ಬೆನ್ನಿನ ಹಾಗೆ ಮುಂದಕ್ಕೆ ಬಾಗಿರುತ್ತಿದ್ದವು. ಬಿದಿರಿನ ಲೇಖಣಿ, ಅಂದರೆ ಬೋರಿನ ಬಾಯನ್ನು ಬೆರಳಗಲ ಓರೆಯಾಗಿ ಕತ್ತರಿಸಿ, ಶಾಯಿಯಲ್ಲಿ ಅದ್ದಿ, ಉಸಿರು ಹಿಡಿದು ಒಂದೇ ಸಲಕ್ಕೆ ಎಳೆಯುವರು. ಏರುವ ಗೆರೆ ಕೂದಲೆಳೆ, ಇಳಿಯುವ ಗೆರೆ ಹೆಬ್ಬೆರಳು. ಆಮೇಲೆ ಆ ಕಾಗದವನ್ನು ಮಗುಚಿ ಸಾಗವಾನಿಯ ತುಂಡಿಗೆ ಅಂಟಿಸಿ ಕೊರೆಯುವರು. ನಾಟಕ ಕಂಪನಿಯ ಮ್ಯಾನೇಜರುಗಳು ಪ್ರೆಸ್ಸಿಗೆ ಬಂದು, ‘ಓಡೋ ಅಕ್ಷರದಾಗ ಹೊಡೀರಿ’ ಎಂದು ಕೇಳಿ ಪಡೆಯುತ್ತಿದ್ದರು.

ಇಷ್ಟು ಬಾಗಿಸುವುದೇಕೆ ಎಂದು ಒಮ್ಮೆ ಕೇಳಿದೆ.

‘ಅಕ್ಷರ ವಾಲಬೇಕ್ರಿ, ಬೀಳಬಾರದು. ಎಲ್ಲಿ ತನಕ ವಾಲಿದ್ರ ಬೀಳೂದಿಲ್ಲ ಅನ್ನೂದನ್ನ ಹುಡುಕೂದ ಕೆಲಸ. ಉಳದದ್ದೆಲ್ಲಾ ಕಟಿಗಿ ಕೆತ್ತೂದು.’

ಅವರ ಜೊತೆ ಪೇಟೆಯಲ್ಲಿ ನಡೆಯುವುದು ಪೀಡೆ. ಹತ್ತು ಹೆಜ್ಜೆಗೊಮ್ಮೆ ನಿಂತು, ತಲೆಯನ್ನು ಬಲಕ್ಕೆ ಓರೆ ಮಾಡಿ, ಅಂಗಡಿಯ ಫಲಕ ಓದುವರು. ಒಂದು ಅರಿವೆ ಅಂಗಡಿಯ ಮುಂದೆ ನಿಂತು, ‘ಸಾವಕಾರ್ರ, ನಿಮ್ಮ ವಸ್ತ್ರಕ್ಕ ಕಾಲು ಮುರದೈತಿ’ ಎಂದು ಕೂಗಿದರು. ಸಾಹುಕಾರ ಹೆದರಿ ಥಾನುಗಳನ್ನೆಲ್ಲ ಬಿಚ್ಚಿ ನೋಡತೊಡಗಿದ. ಇವರು ಕೈ ಮಾಡಿ ತೋರಿಸಿದ್ದು ಮೇಲಿನ ಫಲಕದ ‘ಸ್ತ್ರ’ವನ್ನು. ಪೇಂಟರ್ ಮಹಾಶಯ ಮೇಲಿನ ಅಕ್ಷರ ಬರೆದು, ಒತ್ತುಗಳಿಗೆ ಜಾಗ ಸಾಲದೆ ಪಕ್ಕದಲ್ಲಿ ತುರುಕಿದ್ದ.

ಅವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಈ ಒತ್ತಿನ ಹುಚ್ಚು. ನೆಟ್ಟಗೆ ನಿಂತ ಅಕ್ಷರಕ್ಕೆ ಒತ್ತು ಕೊಡುವುದು ಸುಲಭ, ಕೆಳಗೆ ಬಲಕ್ಕೆ ಕೂಡಿಸಿದರೆ ಆಯಿತು. ಓರೆ ಅಕ್ಷರದ ಕಥೆ ಬೇರೆ. ತಲೆ ಮುಂದೆ ಹೋದರೆ ಪಾದ ಹಿಂದೆ ಸರಿಯುತ್ತದೆ. ಒತ್ತೂ ಪಾದದ ಜೊತೆ ಹಿಂದೆ ಸರಿದು, ಅಕ್ಷರದಷ್ಟೇ ಬಾಗಿ, ಅದರ ಅಡಿಗೆ ನುಸುಳಬೇಕು. ಮಿಸ್ತ್ರಿ ಕಟ್ಟಿಗೆಯಲ್ಲಿ ಅಕ್ಷರವನ್ನೂ ಒತ್ತನ್ನೂ ಒಂದೇ ತುಂಡಿನಲ್ಲಿ ಕೊರೆದು ಇದನ್ನು ಗೆದ್ದಿದ್ದರು. ‘ತಾಯಿ ಓಡಾಕತ್ತಾಗ ಬಗಲಾಗಿನ ಕೂಸು ನೆಟ್ಟಗ ನಿಂದ್ರತೈತೇನ್ರಿ?’ ಎನ್ನುತ್ತಿದ್ದರು.

ಇಂಥ ಮನುಷ್ಯ ಚಹಾ ಕುಡಿಯುತ್ತಿದ್ದದ್ದು ನಿಂತುಕೊಂಡು. ಪ್ರೆಸ್ಸಿನ ಎದುರಿನ ಹೋಟೆಲಿನ ಬಾಗಿಲ ಮೇಲೆ ‘ಸುಸ್ವಾಗತ’ ಎಂಬ ಫಲಕ ತೂಗುತ್ತಿತ್ತು. ಓರೆಯಾಗಿ, ದಪ್ಪಗೆ, ‘ಸ್ವಾ’ದ ಒತ್ತು ಅಡಿಗೆ ನುಸುಳಿ ನಗುತ್ತಿರುವ ಹಾಗೆ. ಬರೆದವರು ಇವರೇ. ಅದರ ಕೆಳಗಿನ ಮೆಟ್ಟಿಲಿನ ಮೇಲೆ ತಮ್ಮದೇ ಹಿತ್ತಾಳೆ ಕಪ್ಪು ಹಿಡಿದು ಇವರು ನಿಲ್ಲುವರು, ಮಾಣಿ ಮೇಲಿನಿಂದ ಸುರಿಯುವನು. ಅಸ್ಪೃಶ್ಯರೆಂದು ಊರು ಹೊರಗಿಟ್ಟ ಕೇರಿಯಲ್ಲಿ ಹುಟ್ಟಿದವರು ಅವರು. ಕಾಯದೆ ಬಂದಿತ್ತು, ನಿಜ. ಕಾಯದೆಯನ್ನು ಅದೇ ಪ್ರೆಸ್ಸಿನಲ್ಲಿ ಅಚ್ಚು ಹಾಕಿಯೂ ಇದ್ದರು. ಒಳಗೆ ಬಂದು ಕುಳಿತುಕೊಳ್ಳಿ ಎಂದು ಹೋಟೆಲಿನವನಾಗಲಿ, ಮಾಲಕರಾಗಲಿ, ಒಳಗೆ ಕುಳಿತ ನಾವಾಗಲಿ ಒಮ್ಮೆಯೂ ಅನ್ನಲಿಲ್ಲ.

ನಾನೇನು ದೊಡ್ಡವನಲ್ಲ. ಬೆಂಗೇರಿಯಲ್ಲಿ ಅವರದೊಂದು ಎರಡು ಖೋಲಿಯ ಮನೆ. ಮೊದಲ ಸಲ ಹೋದಾಗ ಅವರ ಹೆಂಡತಿ ಚಹಾ ತಂದಿಟ್ಟರು. ‘ಈಗಷ್ಟ ಕುಡದ ಬಂದೇನಿ’ ಎಂದೆ. ಮಿಸ್ತ್ರಿ ಕೆತ್ತುತ್ತಿದ್ದ ತುಂಡಿನಿಂದ ಕಣ್ಣೆತ್ತಲಿಲ್ಲ.

‘ಹುಬ್ಬಳ್ಳಿ ಮಂದಿ ಎಲ್ಲಾರೂ ನಮ್ಮನಿಗೆ ಚಾ ಕುಡದ ಬರ್ತಾರ. ಭಾಳ ಶಿಸ್ತಿನ ಊರು.’

ಆ ಕಪ್ಪನ್ನು ಎತ್ತಿ ಕುಡಿದೆ. ನಾಲಿಗೆ ಸುಟ್ಟಿತು. ಸುಡಬೇಕಾದದ್ದೇ. ಆಮೇಲೆ ಹೋದಾಗಲೆಲ್ಲ ನಾನೇ ಕೇಳಿ ಕುಡಿದೆ.

ಐವತ್ತೊಂಬತ್ತರ ಸುಮಾರಿಗೆ ಹೊರ ಊರಿನ ಒಂದು ಫೌಂಡ್ರಿಯ ಏಜಂಟ ಊರಿಗೆ ಬಂದ. ಫೌಂಡ್ರಿ ಎಂದರೆ ಸೀಸ ಕರಗಿಸಿ ಪ್ರೆಸ್ಸುಗಳಿಗೆ ಅಚ್ಚಿನ ಮೊಳೆ ಎರಕ ಹೊಯ್ಯುವ ಕಾರಖಾನೆ. ಗೋಡೆಯ ಮೇಲಿನ ನಾಟಕದ ಜಾಹೀರಾತು ನೋಡಿ, ಅಕ್ಷರದ ಬೆನ್ನು ಹತ್ತಿ ಪ್ರೆಸ್ಸಿಗೆ ಬಂದು, ‘ನಮ್ಮ ಶೇಠರಿಗೆ ತೋರಸ್ತೇನಿ, ವರ್ಣಮಾಲಿ ಪೂರಾ ಬರದ ಕೊಡ್ರಿ’ ಎಂದ. ಮಾಲಕರಿಗೆ ಫೌಂಡ್ರಿಯಿಂದ ಉದ್ದರಿಯ ಮೇಲೆ ಮಾಲು ಬೇಕಿತ್ತು. ‘ಕೊಡೋ, ಪ್ರೆಸ್ಸಿನ ಹೆಸರು ಬರ್ತದ’ ಎಂದರು. ಮಿಸ್ತ್ರಿ ಒಂದು ತಿಂಗಳು ಕುಳಿತು ಅ-ದಿಂದ ಳ-ದ ತನಕ, ಕಾಗುಣಿತ ಸಹಿತ ಬರೆದುಕೊಟ್ಟರು. ಕೊಡುವಾಗ ಒಂದೇ ಮಾತು ಹೇಳಿದರಂತೆ: ‘ಒತ್ತು ಇನ್ನೂ ಬರೀಬೇಕು. ಸೀಸಕ್ಕ ಒಗ್ಗೂ ಹಂಗ ಬರಿಯೂದು ತಡಾ ಆಕ್ಕೈತಿ. ಅದು ಬರೂ ತನಕ ಎರಕ ಹೊಯ್ಯಬ್ಯಾಡ್ರಿ.’

ಇಲ್ಲಿ ನಿಲ್ಲಿಸಿ ನಾನೊಂದು ಮಾತು ಹೇಳಬೇಕು, ವ್ಯಾಪಾರ ಮಾಡುವ ಎಲ್ಲರಿಗೂ. ‘ತೋರಿಸ್ತೇನಿ’ ಎಂದು ಕೇಳಿದವನಿಗೆ ಮೂಲ ಕೊಡಬೇಡಿ. ಕೊಟ್ಟರೂ ಒಂದು ಚೀಟಿ ಬರೆಸಿಕೊಂಡು ಕೊಡಿ. ಅವತ್ತು ನಾನು ಬೆಳಗಾವಿಯಲ್ಲಿದ್ದೆ. ಊರಲ್ಲಿದ್ದರೆ ಆ ಏಜಂಟ ಬರಿಗೈಯಲ್ಲಿ ರೈಲು ಹತ್ತುತ್ತಿದ್ದ.

ಮುಂದಿನ ವರ್ಷ ಫೌಂಡ್ರಿಯ ಹೊಸ ಮಾದರಿ ಹಾಳೆ ನನ್ನ ಅಂಗಡಿಗೆ ಬಂತು, ದಲಾಲರಿಗೆಲ್ಲ ಬರುವ ಹಾಗೆ. ಬಿಚ್ಚಿದರೆ ಮಿಸ್ತ್ರಿಯ ಅಕ್ಷರಗಳು! ತಲೆಗೆ ಹೆಸರು: ‘ಮಂದಾಕಿನಿ ಬೋಲ್ಡ್ ಇಟ್ಯಾಲಿಕ್’. ಮಂದಾಕಿನಿ ಯಾರೆಂದು ವಿಚಾರಿಸಿದೆ. ಶೇಠರ ಹಿರಿಯ ಸೊಸೆ. ಅಂಗಡಿಯ ಬಾಗಿಲನ್ನೂ ಹಾಕದೆ ಹಾಳೆ ಹಿಡಿದು ಪ್ರೆಸ್ಸಿಗೆ ಓಡಿದೆ. ಮಿಸ್ತ್ರಿ ಹೆಸರಿನ ಕಡೆ ನೋಡಲೇ ಇಲ್ಲ. ಬೆರಳನ್ನು ಹಾಳೆಯ ನಡುವಿನ ಒಂದು ಪದದ ಮೇಲೆ ಇಟ್ಟರು.

‘ಇದೇನ್ರಿ ಇದು?’

ಅಕ್ಷರ ಓರೆ, ಒತ್ತು ನೆಟ್ಟಗೆ. ಫೌಂಡ್ರಿಯವರು ಕಾಯಲಿಲ್ಲ. ತಮ್ಮಲ್ಲಿದ್ದ ಹಳೆಯ ಮೊಳೆಗಳ ಒತ್ತುಗಳನ್ನೇ ಇದಕ್ಕೆ ಜೋಡಿಸಿ ಮಾರಾಟಕ್ಕಿಟ್ಟಿದ್ದರು. ಓಡುವ ಅಕ್ಷರದ ಪಾದದಿಂದ ಪ್ರತಿಯೊಂದು ಒತ್ತೂ ಎರಡು ಹೆಜ್ಜೆ ದೂರದಲ್ಲಿ, ಮೈ ತೆಳ್ಳಗಾಗಿ, ಸೆಟೆದು ನಿಂತಿತ್ತು.

‘ಕುಂಟ ಮಾಡಿಬಿಟ್ರು’ ಎಂದು ಮಿಸ್ತ್ರಿ ಕುಳಿತುಬಿಟ್ಟರು.

ಮಾಲಕರನ್ನು ಕೇಳಿದೆ. ‘ಬಿಡೋ ಮಾರಾಯಾ, ಓದಾಕ ಬರ್ತದೋ ಇಲ್ಲೋ?’ ಎಂದರು. ಅಷ್ಟೇ ಅಲ್ಲ, ಕಟ್ಟಿಗೆಗಿಂತ ಸೀಸ ಅಗ್ಗವೆಂದು ತಾವೇ ಎರಡು ಕೇಸು ಮಂದಾಕಿನಿ ಮೊಳೆ ತರಿಸಿ, ಅದನ್ನು ಜೋಡಿಸುವ ಕೆಲಸಕ್ಕೆ ಮಿಸ್ತ್ರಿಯನ್ನೇ ಹಾಕಿದರು. ತಮ್ಮ ಅಕ್ಷರಕ್ಕೆ ತಮ್ಮ ಕೈಯಿಂದಲೇ ದಿನವೂ ಆ ಸುಳ್ಳು ಒತ್ತು ಜೋಡಿಸುವ ಕೆಲಸ! ಈ ಮಾಲಕರೇ ಈಗ ಶೋಕಸಭೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಮಂದಾಕಿನಿ ಎಲ್ಲ ಕಡೆ ಹಬ್ಬಿತು. ಗೋಡೆಯ ಮೇಲೆ, ಬಸ್ಸಿನ ಬೆನ್ನಿನ ಮೇಲೆ, ವಿದ್ಯಾನಗರದ ಕಾಲೇಜುಗಳ ಸಮಾರಂಭದ ಕಾರ್ಡಿನ ಮೇಲೆ ಅದೇ. ಮಿಸ್ತ್ರಿ ಪೇಟೆಯಲ್ಲಿ ನಡೆಯುವುದನ್ನೇ ಬಿಟ್ಟರು. ಕಂಪೋಜಿಟರುಗಳು ಕಾಡುತ್ತಿದ್ದರು: ‘ಏನ್ ಮಿಸ್ತ್ರಿ, ನಿಮ್ಮ ಸೊಸಿ ಕುಂಟತಾಳಲ್ಲ!’ ಇವರೂ ಬಿಡುತ್ತಿರಲಿಲ್ಲ. ‘ಮಿಸ್ತ್ರಿ ಅಂತ ಆ ಅಚ್ಚಿನ್ಯಾಗ ಜೋಡಸ್ರಿ ನೋಡೂಣು. ಎರಡು ಒತ್ತು ಬೇಕು. ನನ್ನ ಕರಿಯಾಕೂ ಬಾರದ ಅಚ್ಚು ಅದು.’ ಎಲ್ಲರೂ ನಗುವರು. ನಕ್ಕು ಮುಗಿದ ಮೇಲೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಮನೆಯಲ್ಲಿ ಕುಳಿತು ಒತ್ತುಗಳನ್ನು ಬರೆಯತೊಡಗಿದರು. ಯಾರೂ ಕೇಳಿರಲಿಲ್ಲ. ಸೀಸದಲ್ಲಿ ಇದು ಕಷ್ಟದ ಕೆಲಸ. ಒತ್ತು ಅಕ್ಷರದ ಅಡಿಗೆ ನುಸುಳಬೇಕಾದರೆ ಮೊಳೆಯ ಮೈಯಿಂದ ಹೊರಗೆ ಚಾಚಬೇಕು, ಚಾಚಿದ ಸೀಸ ಮುರಿಯುತ್ತದೆ. ಎಷ್ಟು ಚಾಚಿದರೆ ಮುರಿಯುವುದಿಲ್ಲ, ಎಷ್ಟು ಬಾಗಿದರೆ ಕೂಡಿಕೊಳ್ಳುತ್ತದೆ, ಇದನ್ನು ಮೂವತ್ತಕ್ಕೂ ಮಿಕ್ಕಿದ ಒತ್ತುಗಳಿಗೆ ಬೇರೆ ಬೇರೆಯಾಗಿ ಹುಡುಕಬೇಕು. ಬರೆದದ್ದು ಹರಿದರು, ಹರಿದದ್ದು ಮತ್ತೆ ಬರೆದರು. ಆರು ವರ್ಷ ಹೋಯಿತು. ಅಷ್ಟರಲ್ಲಿ ಎಡಗಣ್ಣು ಹೋಯಿತು, ಬಲಗಣ್ಣಿಗೂ ಮಸುಕು ಬಂತು. ‘ಎರಕ ಹೊಯ್ದ ಒತ್ತು ಒಮ್ಮೆ ನೋಡಬೇಕ್ರಿ. ಈ ಕಣ್ಣಿಲೆ’ ಎನ್ನುತ್ತಿದ್ದರು. ಬೇರೆ ಏನೂ ಬೇಕೆಂದು ಅವರು ಅಂದದ್ದನ್ನು ನಾನು ಕೇಳಿಲ್ಲ.

ಕೊನೆಗೂ ಫೌಂಡ್ರಿಯ ಏಜಂಟ ತಾನಾಗಿಯೇ ಬಂದ. ಮದುವೆ ಕಾರ್ಡು ಹೊಡೆಸುವವರು ಎಲ್ಲ ಕಡೆ ತಕರಾರು ತೆಗೆದಿದ್ದರು. ‘ಲಗ್ನಪತ್ರಿಕೆ’ ಎಂಬ ಪದದಲ್ಲೇ ಎರಡು ಒತ್ತು ಇವೆ, ಶುಭಕಾರ್ಯದ ಮೊದಲ ಪದವೇ ಕುಂಟಿದರೆ ಯಾರಿಗೆ ಸೇರುತ್ತದೆ? ಸ್ಟೇಶನ್ ರಸ್ತೆಯ ಲಾಡ್ಜಿನಲ್ಲಿ ಇಳಿದು ಹೇಳಿಕಳಿಸಿದ. ‘ನೀವು ಮನ್ಯಾಗ ಇರ್ರಿ, ಮಾತು ನಾ ಆಡತೇನಿ’ ಎಂದು ಮಿಸ್ತ್ರಿಗೆ ಹೇಳಿ, ಒತ್ತಿನ ಹಾಳೆಗಳ ಸುರುಳಿ ಹಿಡಿದು ಹೋದೆ.

ಹಾಳೆ ನೋಡಿ ಏಜಂಟನ ಕಣ್ಣು ಅಗಲವಾಯಿತು. ಒಳ್ಳೆಯ ವ್ಯಾಪಾರಿ ಕಣ್ಣು ಅಗಲ ಮಾಡಬಾರದು. ಇವನು ಸಿಕ್ಕಿಬಿದ್ದ ಎಂದುಕೊಂಡೆ.

‘ಏನ್ ಹೇಳ್ತೀರಿ ದಲಾಲ್ರ?’

‘ಒಂದ ಮಾತು. ಮಾದರಿ ಹಾಳಿ ಅಡೀಗೆ ಬರದವರ ಹೆಸರು ಬರಬೇಕು. ಸೊಸೀ ಹೆಸರು ತಗೀರಿ ಅನ್ನೂದಿಲ್ಲ, ಆಕಿ ಏನ್ ಮಾಡ್ಯಾಳ ಪಾಪ. ಇವರದು ಕೆಳಗ ಸಣ್ಣ ಅಕ್ಷರದಾಗ ಸಾಕು.’

‘ಇಷ್ಟ ಏನ್ರಿ? ನಾ ಏನೋ ದೊಡ್ಡದು ಕೇಳ್ತೀರಿ ಅಂತ ಅಂಜಿದ್ದೆ. ಹೇಳ್ರಿ, ಬರ್ಕೋತೇನಿ.’

ಹೆಸರು ಹೇಳಿದೆ. ಬರೆದುಕೊಂಡ. ‘ಅಡ್ಡಹೆಸರು?’ ಎಂದು ಮನೆತನದ ಹೆಸರು ಕೇಳಿದ. ಹೇಳಿದೆ. ಪೆನ್ನು ನಿಂತಿತು.

‘ಯಾವ ಪೈಕಿ ಇವರು?’

‘ಅಕ್ಷರದ ಪೈಕಿ.’

ನಕ್ಕ. ಪೆನ್ನಿನ ಟೊಪ್ಪಿಗೆ ಹಾಕಿದ. ‘ಸಿಟ್ಟಾಗಬ್ಯಾಡ್ರಿ. ನನಗೇನೂ ಇಲ್ಲ. ಆದ್ರ ಆ ಹಾಳಿ ಮಠಕ್ಕೂ ಹೋಗ್ತದ, ಪಂಚಾಂಗ ಹೊಡಿಯೋರ ಕಡೀಗೂ ಹೋಗ್ತದ. ಗಿರಾಕಿ ಮನಸ್ಸು ನಿಮಗ ಗೊತ್ತಿಲ್ಲೇನು? ಹೆಸರಿಂದೊಂದು ಬಿಟ್ಟು ಬ್ಯಾರೆ ಏನರೆ ಕೇಳ್ರಿ.’

ಎದ್ದೆ. ಸುರುಳಿ ಸುತ್ತಿದೆ. ಬಾಗಿಲ ತನಕ ಹೋದೆ. ನನ್ನ ಇಡೀ ಬದುಕು ನಡೆದದ್ದೇ ಈ ಯುಕ್ತಿಯ ಮೇಲೆ: ಮಾಲು ನಿನ್ನದಾಗಿದ್ದರೆ, ಅದು ಎದುರಿನವನಿಗೆ ಬೇಕಾಗಿದ್ದರೆ, ಎದ್ದು ನಡೆ. ಮೂರನೆಯ ಮೆಟ್ಟಿಲಿಗೆ ಕರೆಯುತ್ತಾನೆ. ಗಿರಣಿಯವರು ಕರೆದಿದ್ದಾರೆ, ಶಾಯಿಯವರು ಕರೆದಿದ್ದಾರೆ. ಆ ಲಾಡ್ಜಿಗೆ ಹದಿನಾಲ್ಕು ಮೆಟ್ಟಿಲು. ಹದಿನಾಲ್ಕೂ ಇಳಿದೆ. ಯಾರೂ ಕರೆಯಲಿಲ್ಲ.

ಮಿಸ್ತ್ರಿಗೆ, ‘ಚೌಕಾಶಿ ನಡದೈತಿ, ಹದಿನೈದು ದಿನ ತಡೀರಿ, ತಾನ ಬರ್ತಾನ’ ಎಂದೆ. ಪೈಕಿಯ ಮಾತು ಹೇಳಲಿಲ್ಲ. ಅವರು ಹಾಳೆಗಳನ್ನು ಒಂದೊಂದಾಗಿ ಎಣಿಸಿ ಟ್ರಂಕಿನಲ್ಲಿ ಇಟ್ಟರು.

‘ಅಡ್ಡಹೆಸರು ಕೇಳಿದ್ನಿಲ್ರಿ?’

ನಾನು ಟ್ರಂಕಿನ ಮುಚ್ಚಳ ಹಾಕಿದೆ.

‘ನಿಮ್ಮ ಧಂದೇದಾಗ ಮಾಲು ಕಾಯತೈತಿ ದಲಾಲ್ರ. ನನ್ನ ಕಣ್ಣು ಕಾಯೂದಿಲ್ಲ.’

ಹದಿನೈದು ದಿನ ಎಂಟು ತಿಂಗಳಾಯಿತು. ಆಮೇಲೆ ಒಂದು ದಿನ ವಿದ್ಯಾನಗರದ ಬೀಗರ ಮನೆಯಿಂದ ಮದುವೆಯ ಕಾರ್ಡು ಬಂತು. ಲಕೋಟೆ ಬಿಚ್ಚಿ ಮೊದಲ ಸಾಲು ನೋಡಿದವನು ನಿಂತಲ್ಲೇ ನಿಂತೆ. ‘ಲಗ್ನಪತ್ರಿಕೆ’. ಗ್ನ-ದ ಒತ್ತು ಬಾಗಿ, ಗ-ದ ಪಾದದ ಕೆಳಗೆ ನುಸುಳಿ, ಅಕ್ಷರದ ಜೊತೆ ಓಡುತ್ತಿತ್ತು. ಇಡೀ ಸಾಲು ಒಂದೇ ಮೈಯಾಗಿ ಮುಂದೆ ಬಾಗಿತ್ತು. ಚೆಂದ ಎಂದರೆ ಚೆಂದ! ಅದನ್ನು ಮೆಚ್ಚುವ ತಾಳ್ಮೆ ನನಗಿರಲಿಲ್ಲ. ನನಗೆ ಗೊತ್ತಾದದ್ದು ಒಂದೇ, ಈ ಮನುಷ್ಯ ಪುಗಸಟ್ಟೆ ಕೊಟ್ಟುಬಿಟ್ಟಿದ್ದಾನೆ.

ರವಿವಾರ ಮುಂಜಾನೆ ಬೆಂಗೇರಿಗೆ ಹೋದೆ. ಬಾಗಿಲಲ್ಲೇ ಶುರು ಮಾಡಿದೆ.

‘ಕೊಟ್ರೇನು?’

‘ಕೊಟ್ಟೆ. ನೀವು ಬಂದು ಹೇಳಿಹೋದ ಮರುದಿನಾನ. ಅಂವ ಮುಂಜಾನಿ ಗಾಡಿಗೆ ಹೊಂಟಿದ್ದ, ಸ್ಟೇಶನ್ನಿಗೆ ಹೋಗಿ ಕೊಟ್ಟೆ.’

‘ಏನ್ ತಗೊಂಡ್ರಿ?’

‘ಚಾ ಕುಡಿಸಿದ.’

‘ಆರು ವರ್ಷದ ಕೆಲಸಕ್ಕ ಒಂದು ಕಪ್ಪು ಚಾ!’

‘ಬಾಜೂಕ ಕೂಡಿಸ್ಕೊಂಡು ಕುಡಿಸಿದ್ರಿ.’

ಅವರು ಚೇಷ್ಟೆ ಮಾಡಿದರೋ ಖರೆ ಹೇಳಿದರೋ ಇವತ್ತಿಗೂ ತಿಳಿಯದು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕೈಯಲ್ಲಿದ್ದ ಕೊನೆಯ ಸಾಮಾನನ್ನು ಕೊಟ್ಟವನಿಗೆ ಮುಂದೆ ಯಾರೂ ಬಾಗಿಲು ತೆಗೆಯುವುದಿಲ್ಲ ಎಂದೆ. ಹೇಡಿ ಎಂದೆ. ನನ್ನ ಮಾತಿಗೆ ಮಾನ ಇಲ್ಲದ ಹಾಗೆ ಮಾಡಿದಿರಿ ಎಂದೆ. ಒಳಗಿನಿಂದ ಅವರ ಹೆಂಡತಿಯ ದನಿ ಕೇಳಿತು: ‘ಬೈರಿ, ಬೈರಿ. ನಾ ಬೈದು ಬೈದು ಸಾಕಾತು. ಈಗ ನಿಮ್ಮ ಪಾಳಿ.’

ನನ್ನ ಉಸಿರು ಮುಗಿಯಿತು. ಆಮೇಲೆ ಮಿಸ್ತ್ರಿ ಕೇಳಿದರು:

‘ಈ ಕಾರ್ಡು ಯಾರ ಮನೀದ್ರಿ?’

‘ನಮ್ಮ ಬೀಗರದು.’

‘ನನ್ನ ಹೆಸರು ಅಡ್ಡಹೆಸರು ಕೂಡೇ ಆ ಹಾಳಿ ಮ್ಯಾಲ ಇತ್ತಂದ್ರ ನಿಮ್ಮ ಬೀಗರು ಇದರಾಗ ಕಾರ್ಡು ಹೊಡಸ್ತಿದ್ರೇನು? ಹೊಡಸ್ತಿದ್ದಿಲ್ಲ. ಆ ಅಕ್ಷರಕ್ಕೂ ಒಂದು ಹಿತ್ತಾಳಿ ಕಪ್ಪು ಕೊಟ್ಟು ಹೊರಗ ನಿಂದ್ರಸ್ತಿದ್ರು. ನಾ ನಿಂತದ್ದು ಸಾಕ್ರಿ. ಅವು ಒಳಗ ಹೋಗ್ಲಿ. ನೀವೂ ಎಲ್ಲೂ ನನ್ನ ಹೆಸರು ಬರೀಬ್ಯಾಡ್ರಿ.’

ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ನ್ಯಾಯ ಅವರ ಕಡೆ ಇತ್ತೆಂದು ಇಂದಿಗೂ ನಾನು ಒಪ್ಪಿಲ್ಲ. ಹೊರಗೆ ನಿಲ್ಲಿಸಿದವರ ಮೂಗಿಗೇ ಆ ಹೆಸರನ್ನು ಹಿಡಿಯಬೇಕಿತ್ತು, ಕಾರ್ಡು ಹೊಡೆಸದೆ ಎಲ್ಲಿಗೆ ಹೋಗುತ್ತಿದ್ದರು? ಆದರೆ ಹಿಡಿಯುವ ಕೈ ನನ್ನದಾಗಿದ್ದರೂ, ಪೆಟ್ಟು ಬೀಳುವ ಮೈ ನನ್ನದಾಗಿರಲಿಲ್ಲ.

ಆಗ ಅವರು ಕಾರ್ಡನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಒಯ್ದರು. ಬಲಗಣ್ಣಿಗೆ ಭೂತಗನ್ನಡಿ ಹಿಡಿದು, ತಲೆ ಓರೆ ಮಾಡಿ, ಮೂಗು ತಾಗುವಷ್ಟು ಹತ್ತಿರ ತಂದು ನೋಡಿದರು. ಎಷ್ಟೋ ಹೊತ್ತು. ಅವರ ಮುಖ ಅರಳಿದ್ದನ್ನು ನೋಡಿದೆ. ಒಮ್ಮೆಲೇ ಹುಬ್ಬು ಗಂಟಾಯಿತು.

‘ತ್ರ ಒಂದು ಕೂದಲೆಳಿ ಕೆಳಗ ಬಿದ್ದೈತಿ.’

‘ಏನು?’

‘ಗ್ನ ಛಲೋ ಕೂತೈತಿ. ತ್ರ ಜೋತು ಬಿದ್ದೈತಿ, ಎರಕದಾಗ ಇಳಸ್ಯಾರ. ಒಂದು ಕೂದಲೆಳಿ ಎತ್ತಿದ್ರ ಆತು. ದಲಾಲ್ರ, ಅವರಿಗೊಂದು ಕಾಗದ ಬರೀರಿ. ನಾ ಬರದ್ರ ಯಾರು ಓದ್ತಾರ? ನೀವು ಮಾಲು ತಗೊಳ್ಳೋರು, ನಿಮ್ಮ ಹೆಸರಿಗೆ ಬೆಲಿ ಐತಿ.’

ಇದಕ್ಕೆ ನನ್ನ ಹೆಸರು ಬೇಕಾಯಿತೇ! ಮೈಯೆಲ್ಲ ಉರಿಯಿತು. ‘ನಾ ಬರಿಯೂದಿಲ್ಲ. ಚಾ ಕುಡಿಸಿದವನಿಗೇ ಹೇಳ್ರಿ’ ಎಂದು ಕಾರ್ಡು ಕಸಿದುಕೊಂಡು ಹೊರಟೆ. ಬಾಗಿಲ ತನಕ, ಓಣಿಯ ತುದಿಯ ತನಕ ನಡೆದೆ. ಈ ಸಲ ಹಿಂದಿನಿಂದ ಕರೆದರು. ‘ದಲಾಲ್ರ, ಒಂದ ಕಾಗದ್ರಿ!’ ತಿರುಗಲಿಲ್ಲ.

ಆಮೇಲೆ ಎರಡು ಸಲ ಕಂಪೋಜಿಟರ್ ಒಬ್ಬನ ಕೂಡ ಹೇಳಿಕಳಿಸಿದರು. ‘ತ್ರ-ದ ಕಾಗದ ಬರದ್ರೇನು ಅಂತ ಮಿಸ್ತ್ರಿ ಕೇಳ್ಯಾರ.’ ಬಗ್ಗಿಸಬೇಕೆಂಬ ಹಟ ನನಗೆ. ಮನುಷ್ಯ ತಾನಾಗಿ ನನ್ನ ಅಂಗಡಿಗೆ ಬಂದು ತಪ್ಪಾಯಿತೆನ್ನಲಿ, ಅವತ್ತೇ ಬರೆಯುತ್ತೇನೆ ಎಂದುಕೊಂಡಿದ್ದೆ. ಅವರು ಬರಲಿಲ್ಲ. ಬಲಗಣ್ಣೂ ಹೋಗಿತ್ತಂತೆ, ನನಗೆ ಆಮೇಲೆ ತಿಳಿಯಿತು. ಕಾರ್ಡಿನ ಜಗಳವಾಗಿ ನಾಲ್ಕು ತಿಂಗಳಿಗೆ, ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟರು.

ಶೋಕಸಭೆಯಿಂದ ಎದ್ದು ಬಂದವನು ನೇರ ಅಂಗಡಿಗೆ ಹೋಗಿ ಫೌಂಡ್ರಿಗೆ ಕಾಗದ ಬರೆದೆ. ತ್ರ-ದ ಒತ್ತು ಒಂದು ಕೂದಲೆಳೆ ಕೆಳಗಿದೆ, ಎತ್ತಿಕೊಡಿ ಎಂದು. ವಾರದೊಳಗೆ ಶೇಠರ ಸಹಿಯ ಉತ್ತರ ಬಂತು. ಬಹಳ ಮರ್ಯಾದೆಯ ಕಾಗದ. ‘ತಾವು ತಿಳಿಸಿದ ದೋಷ ನಿಜ. ಮೊದಲ ಎರಕವನ್ನು ನಾವು ಪರೀಕ್ಷೆಗೆಂದೇ ನಾಲ್ಕಾರು ಪ್ರೆಸ್ಸುಗಳಿಗೆ ಕಳಿಸಿದ್ದೆವು. ಯಾರಾದರೂ ಕುಂದು ತೋರಿಸಿದರೆ ತಿದ್ದಬೇಕೆಂದು ನಾಲ್ಕು ತಿಂಗಳು ಕಾದೆವು. ಯಾರಿಂದಲೂ ಕಾಗದ ಬರಲಿಲ್ಲ. ಹೋದ ವಾರ ಅಚ್ಚುಗಳನ್ನು ಕಾಯಂ ಮಾಡಿದೆವು. ಇನ್ನು ತಿದ್ದಲು ಬಾರದು.’